ಕೆಂಪಿನತ್ತ ಸರಿದ ಗೆರೆಗಳು

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಅಂದು ಪಾಸ್ಕ ಜಾಗರಣೆಯ ರಾತ್ರಿ. ಆದಿಕಾಂಡದ ಮೊದಲ ಅಧ್ಯಾಯದ ವಾಚನವಾಗಿತ್ತು. ನನ್ನ ಪ್ರಬೋಧನೆಯಲ್ಲಿ ಆ ವಾಚನವನ್ನೇ ಎತ್ತಿಕೊಂಡು, ಮಹಾಸ್ಫೋಟ ಸಿದ್ಧಾಂತದ ಮೂಲಕ ವಿಜ್ಞಾನವೇ ಇಂದು ಪವಿತ್ರ ಗ್ರಂಥವನ್ನು ರುಜುವಾತುಪಡಿಸಿದೆ ಎಂದು ಉತ್ಸಾಹದಿಂದ ಹೇಳಿದೆ. ಕೈಯಲ್ಲಿ ಮೇಣದಬತ್ತಿ ಹಿಡಿದಿದ್ದ ಜನ ತಲೆದೂಗಿದರು. ನನಗೂ ಒಳಗೊಳಗೇ ಹಿಗ್ಗಾಯಿತು.

ಬಲಿಪೂಜೆ ಮುಗಿದ ಮೇಲೆ ಎಲ್ಲರೂ ಹಬ್ಬದ ಶುಭಾಶಯ ಹೇಳುತ್ತಿದ್ದರು. ಧರ್ಮಕೇಂದ್ರದ ಒಬ್ಬ ನಿವೃತ್ತ ವಿಜ್ಞಾನ ಅಧ್ಯಾಪಕಿ ಜನ ಕರಗುವವರೆಗೆ ಕಾದು ನಿಂತು ಹತ್ತಿರ ಬಂದರು. "ಫಾದರ್, ತಪ್ಪು ತಿಳಿಯಬೇಡಿ. ನೀವು ಹೇಳಿದ ಸಿದ್ಧಾಂತವನ್ನು ಮೊದಲು ಮುಂದಿಟ್ಟವರು ನಿಮ್ಮ ಹಾಗೆಯೇ ಒಬ್ಬ ಗುರುಗಳು. ಆದರೆ ನೀವು ಇವತ್ತು ಹೇಳಿದ ಮಾತನ್ನು ಅವರು ಒಪ್ಪುತ್ತಿರಲಿಲ್ಲ" ಎಂದರು.

"ಏಕೆ, ಟೀಚರ್?" ಎಂದು ಕೇಳಿದೆ.

"ಅದನ್ನು ನೀವೇ ಓದಿ ನೋಡಬೇಕು ಫಾದರ್. ಕೆಂಪು ಪಲ್ಲಟ ಎಂಬಲ್ಲಿಂದ ಶುರುಮಾಡಿ" ಎಂದು ನಕ್ಕು ಹೊರಟರು.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಅಭ್ಯಾಸ ಮಾಡಿದ್ದ ನನಗೆ ಆ ಗುರುಗಳ ಹೆಸರು ಗೊತ್ತಿತ್ತು. ಅವರು ಮಾಡಿದ ಕೆಲಸ ಗೊತ್ತಿರಲಿಲ್ಲ. ಟೀಚರ್ ತೋರಿಸಿದ ದಾರಿಯಲ್ಲಿ ನಾನು ಓದಿಕೊಂಡ ಚರಿತ್ರೆಯನ್ನೇ ಇಲ್ಲಿ ಓದುಗರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಬೆಳಕಿನೊಳಗಿನ ಗೆರೆಗಳು

ನಕ್ಷತ್ರವನ್ನು ಯಾರೂ ಮುಟ್ಟಿ ನೋಡಿಲ್ಲ. ಅಲ್ಲಿಂದ ನಮ್ಮ ಬಳಿಗೆ ಬರುವುದು ಹೆಚ್ಚುಕಡಿಮೆ ಬೆಳಕೊಂದೇ. ನಕ್ಷತ್ರದ ಬಗ್ಗೆ ಏನನ್ನಾದರೂ ತಿಳಿಯಬೇಕಾದರೆ ಆ ಬೆಳಕನ್ನೇ ಓದಬೇಕು. ಗಾಜಿನ ಪಟ್ಟಕದ ಮೂಲಕ ಹಾಯಿಸಿದಾಗ ಬಿಳಿಯ ಬೆಳಕು ಕಾಮನಬಿಲ್ಲಿನ ಬಣ್ಣಗಳಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಕೊನೆಯಲ್ಲಿ ನೇರಳೆ, ಇನ್ನೊಂದು ಕೊನೆಯಲ್ಲಿ ಕೆಂಪು. ಈ ಬಣ್ಣದ ಪಟ್ಟಿಗೆ ರೋಹಿತ ಎಂದು ಹೆಸರು.

ಈ ಓದಿನ ಮೊದಲ ಪಾಠ ನಡೆದದ್ದು ಜರ್ಮನಿಯ ಬವೇರಿಯ ಪ್ರಾಂತದಲ್ಲಿ, ಹಿಂದೆ ಬೆನೆಡಿಕ್ಟಿನ್ ಸನ್ಯಾಸಿಗಳ ಮಠವಾಗಿದ್ದ ಬೆನೆಡಿಕ್ಟ್‌ಬಾಯರ್ನ್ ಎಂಬಲ್ಲಿ. ಮಠ ಮುಚ್ಚಿದ ಮೇಲೆ ಅಲ್ಲಿ ಗಾಜಿನ ಕಾರ್ಖಾನೆಯೊಂದು ಬಂದಿತ್ತು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಗಾಜಿನ ಕೆಲಸ ಕಲಿತು ಮೇಲೆ ಬಂದ ಯೋಸೆಫ್ ಫ್ರೌನ್‌ಹೋಫರ್ ಅಲ್ಲಿ ಕೆಲಸ ಮಾಡುತ್ತಿದ್ದರು. 1814ರಲ್ಲಿ ಅವರು ಸೂರ್ಯನ ಬೆಳಕಿನ ರೋಹಿತವನ್ನು ಸೂಕ್ಷ್ಮವಾಗಿ ನೋಡಿದಾಗ ಬಣ್ಣಗಳ ನಡುವೆ ನೂರಾರು ಕಪ್ಪು ಗೆರೆಗಳು ಕಂಡವು. ಅವುಗಳ ಸ್ಥಾನವನ್ನು ಅಳೆದು ಗುರುತಿಸಿದರು. ಗೆರೆಗಳು ಏಕಿವೆ ಎಂಬುದು ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ.

ಉತ್ತರ ಬಂದದ್ದು 1859ರಲ್ಲಿ, ಹೈಡಲ್‌ಬರ್ಗ್ ನಗರದ ಕಿರ್ಕ್‌ಹಾಫ್ ಮತ್ತು ಬುನ್ಸೆನ್ ಅವರಿಂದ. ಉಪ್ಪು ಹಾಕಿದ ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಗ್ಯಾಸಿನ ನೀಲಿ ಉರಿ ಥಟ್ಟನೆ ಹಳದಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಉಪ್ಪಿನಲ್ಲಿರುವ ಸೋಡಿಯಂ ತನ್ನದೇ ಆದ ಹಳದಿ ಬೆಳಕನ್ನು ಕೊಡುತ್ತದೆ. ಹಾಗೆಯೇ ಪ್ರತಿಯೊಂದು ಮೂಲವಸ್ತುವಿಗೂ ರೋಹಿತದಲ್ಲಿ ತನ್ನದೇ ಗೆರೆಗಳ ಗುಂಪು ಇರುತ್ತದೆ. ಮನುಷ್ಯನಿಗೆ ಬೆರಳಚ್ಚು ಇರುವಂತೆ ಜಲಜನಕಕ್ಕೆ, ಕ್ಯಾಲ್ಸಿಯಂಗೆ, ಕಬ್ಬಿಣಕ್ಕೆ ಈ ಗೆರೆಗಳು.

ಈ ವಿದ್ಯೆಯನ್ನು ನಕ್ಷತ್ರಗಳಿಗೆ ವಿಸ್ತಾರವಾಗಿ ಅನ್ವಯಿಸಿದವರಲ್ಲಿ ಯೇಸುಸಭೆಯ ಗುರುಗಳಾದ ಆಂಜೆಲೊ ಸೆಕ್ಕಿ (1818–1878) ಪ್ರಮುಖರು. ರೋಮ್ ನಗರದ ಸಂತ ಇಗ್ನಾಸಿಯವರ ದೇವಾಲಯದ ಮೇಲೆಯೇ ಅವರ ವೀಕ್ಷಣಾಲಯವಿತ್ತು. ಕೆಳಗೆ ಪೀಠ, ಮೇಲೆ ದೂರದರ್ಶಕ. ಸುಮಾರು 4,000 ನಕ್ಷತ್ರಗಳ ರೋಹಿತಗಳನ್ನು ನೋಡಿ ಅವರು ಅವುಗಳನ್ನು ವರ್ಗಗಳಾಗಿ ವಿಂಗಡಿಸಿದರು. ನಕ್ಷತ್ರಗಳನ್ನು ರೋಹಿತದ ಆಧಾರದಿಂದ ವರ್ಗೀಕರಿಸುವ ಪದ್ಧತಿಗೆ ಇದು ಬುನಾದಿಯಾಯಿತು.

ರೈಲಿನ ಮೇಲಿನ ವಾದ್ಯಗಾರರು

ಗೆರೆಗಳು ವಸ್ತುವನ್ನು ತಿಳಿಸುವುದರ ಜೊತೆಗೆ ಚಲನೆಯನ್ನೂ ತಿಳಿಸಬಲ್ಲವು. ಇದರ ಮೂಲ 1842ರಲ್ಲಿ ಪ್ರಾಗ್ ನಗರದಲ್ಲಿ ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ಮಂಡಿಸಿದ ಒಂದು ವಿಚಾರ. ಅಲೆಗಳನ್ನು ಹೊಮ್ಮಿಸುವ ವಸ್ತು ನಮ್ಮತ್ತ ಬರುತ್ತಿದ್ದರೆ ಅಲೆಗಳು ಒತ್ತೊತ್ತಾಗಿ ತಲುಪುತ್ತವೆ. ನಮ್ಮಿಂದ ದೂರ ಸರಿಯುತ್ತಿದ್ದರೆ ಅವುಗಳ ನಡುವಿನ ಅಂತರ ಹಿಗ್ಗುತ್ತದೆ. ಹೆದ್ದಾರಿಯ ಬದಿಯಲ್ಲಿ ನಿಂತವರಿಗೆ ಇದು ಪರಿಚಿತ ಅನುಭವ. ಹಾರ್ನ್ ಮಾಡುತ್ತಾ ಬರುವ ಲಾರಿಯ ಸದ್ದು ನಮ್ಮನ್ನು ದಾಟಿದೊಡನೆ ತಗ್ಗಿದ ಸ್ವರಕ್ಕೆ ಇಳಿಯುತ್ತದೆ.

1845ರಲ್ಲಿ ಹಾಲೆಂಡಿನ ಬಾಯ್ಸ್ ಬಲೋಟ್ ಇದನ್ನು ಪರೀಕ್ಷಿಸಲು ಉಟ್ರೆಕ್ಟ್ ಬಳಿ ಓಡುವ ರೈಲಿನ ಮೇಲೆ ಕೊಂಬೂದುವ ವಾದ್ಯಗಾರರನ್ನು ನಿಲ್ಲಿಸಿದರು. ಹಳಿಯ ಪಕ್ಕದಲ್ಲಿ ಸ್ವರಜ್ಞಾನವುಳ್ಳವರನ್ನು ಕೇಳಲು ನಿಲ್ಲಿಸಿದರು. ಬರುವಾಗ ಸ್ವರ ಏರಿತು, ಹೋಗುವಾಗ ಇಳಿಯಿತು.

ಬೆಳಕೂ ಅಲೆಯೇ. ಅದರ ಅಲೆ ಹಿಗ್ಗಿದರೆ ಗೆರೆಗಳು ರೋಹಿತದ ಕೆಂಪು ಕೊನೆಯತ್ತ ಸರಿಯುತ್ತವೆ; ಕುಗ್ಗಿದರೆ ನೀಲಿಯತ್ತ. ಮೊದಲನೆಯದೇ ಕೆಂಪು ಪಲ್ಲಟ. ನಕ್ಷತ್ರಗಳ ಬಣ್ಣಗಳಿಗೆ ಅವುಗಳ ಚಲನೆಯೇ ಕಾರಣವಿರಬೇಕೆಂದು ಡಾಪ್ಲರ್ ಊಹಿಸಿದ್ದರು. ಅದು ತಪ್ಪಾಗಿತ್ತು. ಬಣ್ಣವನ್ನಲ್ಲ, ಗೆರೆಗಳ ಸ್ಥಾನವನ್ನು ನೋಡಬೇಕೆಂದು 1848ರಲ್ಲಿ ತೋರಿಸಿದವರು ಫ್ರಾನ್ಸಿನ ಫಿಜೊ.

1868ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಲುಬ್ಧಕ ನಕ್ಷತ್ರದ ಗೆರೆಯನ್ನು ಅಳೆದು, ಅದು ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿದೆ ಎಂದರು. ಇಂದಿನ ಅಳತೆಯಂತೆ ಲುಬ್ಧಕವು ಸೆಕೆಂಡಿಗೆ ಸುಮಾರು ಐದೂವರೆ ಕಿಲೋಮೀಟರ್ ವೇಗದಲ್ಲಿ ನಮ್ಮತ್ತಲೇ ಬರುತ್ತಿದೆ! ಹಗಿನ್ಸ್ ಅವರ ದಾರಿ ಸರಿಯಿತ್ತು. ಬರಿಗಣ್ಣಿನ ಅಳತೆ ಸಾಲದಾಗಿತ್ತು. ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಫೋಗೆಲ್ 1888ರ ಹೊತ್ತಿಗೆ ರೋಹಿತದ ಛಾಯಾಚಿತ್ರ ತೆಗೆದು ಅಳೆಯತೊಡಗಿದ ಮೇಲೆ ನಂಬತಕ್ಕ ಅಂಕಿಗಳು ದೊರೆತವು.

ಈ ವಿದ್ಯೆಗೆ ನಮ್ಮ ಸಮೀಪದ ನಂಟೂ ಇದೆ. 1909ರ ಜನವರಿಯಲ್ಲಿ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಸೌರಕಲೆಗಳ ರೋಹಿತವನ್ನು ಪರೀಕ್ಷಿಸಿ, ಗೆರೆಗಳ ಪಲ್ಲಟದಿಂದ ಅಲ್ಲಿನ ಅನಿಲವು ಕಲೆಯ ನಡುವಿನಿಂದ ಹೊರಕ್ಕೆ ಹರಿಯುತ್ತಿರುವುದನ್ನು ಕಂಡುಹಿಡಿದರು. ಅದು ಇಂದಿಗೂ 'ಎವರ್‌ಶೆಡ್ ಪರಿಣಾಮ' ಎಂದೇ ಪ್ರಸಿದ್ಧ. ಆ ವೀಕ್ಷಣಾಲಯವು ಈಗ ನಮ್ಮ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಆಡಳಿತದಲ್ಲಿದೆ.

ಓಡುತ್ತಿರುವ ನೀಹಾರಿಕೆಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಖಗೋಳವಿಜ್ಞಾನಿಗಳ ಮುಂದೆ ಒಂದು ದೊಡ್ಡ ಒಗಟಿತ್ತು. ದೂರದರ್ಶಕದಲ್ಲಿ ಸುರುಳಿಯಾಕಾರದ ಮಸುಕು ಮೋಡಗಳು ಕಾಣುತ್ತಿದ್ದವು. ಇವು ನಮ್ಮ ಆಕಾಶಗಂಗೆಯೊಳಗಿನ ಅನಿಲದ ಮೋಡಗಳೋ ಅಥವಾ ಆಕಾಶಗಂಗೆಯಂತೆಯೇ ಬೇರೆ ನಕ್ಷತ್ರಲೋಕಗಳೋ?

ಅಮೆರಿಕದ ಅರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಎಂಬ ಮಿತಭಾಷಿ 1912ರಲ್ಲಿ ದೇವಯಾನಿ ನೀಹಾರಿಕೆಯ ರೋಹಿತವನ್ನು ಹಿಡಿದರು. ಅದರ ಬೆಳಕು ಎಷ್ಟು ಮಂದವೆಂದರೆ ಒಂದೇ ಛಾಯಾಫಲಕಕ್ಕೆ ರಾತ್ರಿಗಟ್ಟಲೆ ಬೆಳಕು ಬೀಳಿಸಬೇಕಾಗಿತ್ತು. ಅಳೆದು ನೋಡಿದರೆ ದೇವಯಾನಿಯು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿತ್ತು. ಅಲ್ಲಿಯವರೆಗೆ ಯಾವ ಆಕಾಶಕಾಯದಲ್ಲೂ ಇಷ್ಟು ವೇಗ ಕಂಡಿರಲಿಲ್ಲ.

ಸ್ಲೈಫರ್ ಒಂದೊಂದಾಗಿ ಇತರ ನೀಹಾರಿಕೆಗಳನ್ನೂ ಅಳೆಯುತ್ತಾ ಹೋದರು. 1917ರ ಹೊತ್ತಿಗೆ 25 ನೀಹಾರಿಕೆಗಳ ಲೆಕ್ಕ ಸಿಕ್ಕಿತು. ಅವುಗಳಲ್ಲಿ 21ರ ಗೆರೆಗಳು ಕೆಂಪಿನತ್ತ ಸರಿದಿದ್ದವು. ಕೆಲವು ಸೆಕೆಂಡಿಗೆ 1,000 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ದೂರ ಸರಿಯುತ್ತಿದ್ದವು. ಏಕೆ? ಸ್ಲೈಫರ್ ಅವರಲ್ಲಿ ವೇಗದ ಲೆಕ್ಕವಿತ್ತು, ದೂರದ ಲೆಕ್ಕವಿರಲಿಲ್ಲ.

ದೂರವನ್ನು ಅಳೆಯುವ ಕೋಲನ್ನು ಕೊಟ್ಟವರು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಂಟೆಗೆ 30 ಸೆಂಟು ಸಂಬಳಕ್ಕೆ ದುಡಿಯುತ್ತಿದ್ದ ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸೆಫೀಡ್ ಎಂಬ ಜಾತಿಯ ನಕ್ಷತ್ರಗಳ ಕಾಂತಿ ನಿಯಮಿತವಾಗಿ ಏರಿಳಿಯುತ್ತದೆ. ಇಂಥ 25 ನಕ್ಷತ್ರಗಳನ್ನು ಹೋಲಿಸಿ, ಏರಿಳಿತದ ಅವಧಿ ಉದ್ದವಾದಷ್ಟೂ ನಕ್ಷತ್ರದ ನಿಜವಾದ ಕಾಂತಿ ಹೆಚ್ಚು ಎಂದು 1912ರಲ್ಲಿ ಅವರು ತೋರಿಸಿಕೊಟ್ಟರು. ಒಂದು ದೀಪದ ನಿಜವಾದ ಪ್ರಕಾಶ ಗೊತ್ತಿದ್ದರೆ, ಅದು ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ಅದರ ದೂರವನ್ನು ಲೆಕ್ಕ ಹಾಕಬಹುದಲ್ಲವೇ?

1923ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಶಿಖರದಲ್ಲಿ 100 ಅಂಗುಲದ ದೂರದರ್ಶಕದ ಮೂಲಕ ಎಡ್ವಿನ್ ಹಬಲ್ ದೇವಯಾನಿಯೊಳಗೆ ಒಂದು ಸೆಫೀಡನ್ನು ಗುರುತಿಸಿದರು. ಲೆವಿಟ್ ಅವರ ಕೋಲಿನಿಂದ ಅಳೆದರೆ ದೂರ ಒಂಬತ್ತು ಲಕ್ಷ ಜ್ಯೋತಿರ್ವರ್ಷಗಳ ಆಸುಪಾಸು ಬಂತು. ಇಂದು ಅದು 25 ಲಕ್ಷ ಜ್ಯೋತಿರ್ವರ್ಷ ಎಂದು ತಿಳಿದಿದೆ. ಹೇಗಿದ್ದರೂ ಒಗಟು ಬಿಡಿಸಿತು. ದೇವಯಾನಿ ಇನ್ನೊಂದು ಗೆಲಾಕ್ಸಿ. ನಮ್ಮ ಆಕಾಶಗಂಗೆ ಅನೇಕ ಗೆಲಾಕ್ಸಿಗಳಲ್ಲಿ ಒಂದು ಮಾತ್ರ.

ಒಬ್ಬ ಗುರುಗಳ ಲೆಕ್ಕ

ಟೀಚರ್ ಹೇಳಿದ ಗುರುಗಳು ಈ ಚರಿತ್ರೆಗೆ ಬರುವುದು ಇಲ್ಲಿಯೇ. ಜಾರ್ಜ್ ಲೆಮೆತ್ರ್ ಬೆಲ್ಜಿಯಂ ದೇಶದ ಶಾರ್ಲರ್ವಾ ಪಟ್ಟಣದಲ್ಲಿ 1894ರಲ್ಲಿ ಹುಟ್ಟಿದರು. ಎಂಜಿನಿಯರಿಂಗ್ ಓದುತ್ತಿದ್ದಾಗ ಮೊದಲ ಮಹಾಯುದ್ಧ ಬಂತು. ಸೈನ್ಯಕ್ಕೆ ಸೇರಿ ಫಿರಂಗಿ ದಳದಲ್ಲಿ ಹೋರಾಡಿ ಶೌರ್ಯಪದಕ ಪಡೆದರು. ಯುದ್ಧ ಮುಗಿದ ಮೇಲೆ ಗಣಿತ, ಭೌತಶಾಸ್ತ್ರಗಳನ್ನು ಕಲಿತು, ಸೆಮಿನರಿ ಸೇರಿ, 1923ರಲ್ಲಿ ಕಾರ್ಡಿನಲ್ ಮರ್ಸಿಯೆ ಅವರಿಂದ ಗುರುದೀಕ್ಷೆ ಪಡೆದರು. ಬಳಿಕ ಕೇಂಬ್ರಿಜ್‌ನಲ್ಲಿ ಎಡಿಂಗ್‌ಟನ್ ಅವರ ಬಳಿಯೂ ಅಮೆರಿಕದ ಹಾರ್ವರ್ಡ್‌ನಲ್ಲಿಯೂ ಅಧ್ಯಯನ ಮಾಡಿ, 1925ರಲ್ಲಿ ಲೂವೆನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಐನ್‌ಸ್ಟೈನ್ 1917ರಲ್ಲಿ ತಮ್ಮ ಸಾಪೇಕ್ಷತಾ ಸಿದ್ಧಾಂತವನ್ನು ಇಡೀ ವಿಶ್ವಕ್ಕೆ ಅನ್ವಯಿಸಿದ್ದರು. ವಿಶ್ವವು ಸ್ಥಿರ ಎಂಬ ನಂಬಿಕೆಯಿಂದ, ಅದನ್ನು ಸ್ಥಿರವಾಗಿ ಹಿಡಿದಿಡಲು ಸಮೀಕರಣಕ್ಕೆ ಒಂದು ಪದವನ್ನೂ ಸೇರಿಸಿದ್ದರು. ವಿಶ್ವವು ಹಿಗ್ಗಲೂಬಹುದು ಎಂದು ರಷ್ಯಾದ ಫ್ರೀಡ್‌ಮನ್ 1922ರಲ್ಲಿ ಗಣಿತದಿಂದ ತೋರಿಸಿದ್ದರು. ಆದರೆ ಅವರು ನೀಹಾರಿಕೆಗಳ ಅಳತೆಗಳನ್ನು ಅದಕ್ಕೆ ಜೋಡಿಸಿರಲಿಲ್ಲ.

ಫ್ರೀಡ್‌ಮನ್ನರ ಕೆಲಸ ತಿಳಿಯದೆಯೇ ಲೆಮೆತ್ರ್ ಅದೇ ತೀರ್ಮಾನಕ್ಕೆ ಬಂದರು ಮತ್ತು ಒಂದು ಹೆಜ್ಜೆ ಮುಂದೆ ಹೋದರು. ಅವರು 42 ಗೆಲಾಕ್ಸಿಗಳ ವೇಗಗಳನ್ನೂ ಅಂದಾಜು ದೂರಗಳನ್ನೂ ಪಕ್ಕಪಕ್ಕದಲ್ಲಿಟ್ಟು, ದೂರ ಹೆಚ್ಚಿದಂತೆ ವೇಗವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದರು. ಗೆಲಾಕ್ಸಿಗಳು ಬಯಲಿನಲ್ಲಿ ಓಡುವ ಕುದುರೆಗಳಂತೆ ಓಡುತ್ತಿಲ್ಲ. ಅವುಗಳ ನಡುವಿನ ಆಕಾಶವೇ ಹಿಗ್ಗುತ್ತಿದೆ. ಕ್ರಿಸ್‌ಮಸ್ ಹೊತ್ತಿಗೆ ದ್ರಾಕ್ಷಿ ಹಾಕಿ ಮಾಡುವ ಕೇಕನ್ನು ನೆನೆಸಿಕೊಳ್ಳಿ. ಹಿಟ್ಟು ಉಬ್ಬಿದಂತೆ ಪ್ರತಿಯೊಂದು ದ್ರಾಕ್ಷಿಯೂ ಉಳಿದವುಗಳಿಂದ ದೂರವಾಗುತ್ತದೆ. ಹೆಚ್ಚು ದೂರದಲ್ಲಿದ್ದದ್ದು ಅಷ್ಟೇ ಹೆಚ್ಚು ದೂರ ಸರಿಯುತ್ತದೆ. ಯಾವ ದ್ರಾಕ್ಷಿಯೂ ಕೇಂದ್ರವಲ್ಲ. ದಾರಿಯಲ್ಲಿರುವ ಬೆಳಕಿನ ಅಲೆಯೂ ಆಕಾಶದೊಂದಿಗೆ ಹಿಗ್ಗುತ್ತದೆ. ದೂರದ ಗೆಲಾಕ್ಸಿಗಳ ಕೆಂಪು ಪಲ್ಲಟಕ್ಕೆ ಇದೇ ಕಾರಣ.

1927ರಲ್ಲಿ ಲೆಮೆತ್ರ್ ಇದನ್ನು ಬ್ರಸೆಲ್ಸ್‌ನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ಹೆಚ್ಚು ಜನ ಓದಲಿಲ್ಲ. ಅದೇ ವರ್ಷ ಬ್ರಸೆಲ್ಸ್‌ಗೆ ಬಂದಿದ್ದ ಐನ್‌ಸ್ಟೈನ್, ಲೆಕ್ಕವೇನೋ ಸರಿಯಿದೆ, ಆದರೆ ನಿಮ್ಮ ಭೌತಶಾಸ್ತ್ರ ಒಪ್ಪುವಂಥದ್ದಲ್ಲ ಎಂಬರ್ಥದ ಕಟುಮಾತನ್ನೇ ಆಡಿದರು.

ಎರಡು ವರ್ಷಗಳ ಬಳಿಕ, 1929ರಲ್ಲಿ, ಹಬಲ್ ತಮ್ಮದೇ ದೂರದ ಅಳತೆಗಳನ್ನೂ ಬಹುಪಾಲು ಸ್ಲೈಫರ್ ಅವರ ವೇಗಗಳನ್ನೂ ಸೇರಿಸಿ ಅದೇ ಸಂಬಂಧವನ್ನು ಪ್ರಕಟಿಸಿದರು. ಅವರ ಸಹಾಯಕ ಮಿಲ್ಟನ್ ಹ್ಯೂಮಸನ್ ಶಾಲೆಯನ್ನು ಅರ್ಧಕ್ಕೇ ಬಿಟ್ಟು, ಮೌಂಟ್ ವಿಲ್ಸನ್ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದವರು. ಆಮೇಲೆ ಅಲ್ಲಿಯೇ ಜಾಡಮಾಲಿಯಾಗಿ ಸೇರಿ ವೀಕ್ಷಕರಾದವರು. 1931ರ ಹೊತ್ತಿಗೆ ಈ ಇಬ್ಬರು ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್ ವೇಗದ ಗೆಲಾಕ್ಸಿಗಳವರೆಗೂ ಆ ಸಂಬಂಧವನ್ನು ವಿಸ್ತರಿಸಿದರು. ಲೋಕವು ಅದನ್ನು ಹಬಲ್ ನಿಯಮ ಎಂದು ಕರೆಯಿತು. ಐನ್‌ಸ್ಟೈನ್ ಕೂಡ 1931ರಲ್ಲಿ ಸ್ಥಿರವಿಶ್ವದ ವಿಚಾರವನ್ನು ಕೈಬಿಟ್ಟರು.

ಅದೇ 1931ರಲ್ಲಿ ಎಡಿಂಗ್‌ಟನ್ ಅವರ ಒತ್ತಾಸೆಯಿಂದ ಲೆಮೆತ್ರ್ ಲೇಖನದ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಆದರೆ ವೇಗ ಮತ್ತು ದೂರಗಳ ಲೆಕ್ಕವಿದ್ದ ಭಾಗವೇ ಅದರಲ್ಲಿ ಇರಲಿಲ್ಲ! ಯಾರೋ ಬೇಕೆಂದೇ ಕತ್ತರಿಸಿರಬೇಕೆಂಬ ಅನುಮಾನ ಬಹುಕಾಲ ಉಳಿಯಿತು. 2011ರಲ್ಲಿ ಖಗೋಳವಿಜ್ಞಾನಿ ಮಾರಿಯೊ ಲಿವಿಯೊ ಹಳೆಯ ಪತ್ರಗಳನ್ನು ಹುಡುಕಿದಾಗ ನಿಜ ತಿಳಿಯಿತು. ಅನುವಾದ ಮಾಡಿದವರೂ ಆ ಭಾಗವನ್ನು ಬಿಟ್ಟವರೂ ಸ್ವತಃ ಲೆಮೆತ್ರ್ ಅವರೇ. ಅಷ್ಟರಲ್ಲಿ ಹಬಲ್ ಅವರ ಉತ್ತಮ ಅಳತೆಗಳು ಬಂದಿದ್ದುದರಿಂದ ತಮ್ಮ ಹಳೆಯ, ತಾತ್ಕಾಲಿಕ ಅಂಕಿಗಳನ್ನು ಮತ್ತೆ ಅಚ್ಚು ಮಾಡುವ ಅಗತ್ಯವಿಲ್ಲ ಎಂದು ಅವರು ಬರೆದಿದ್ದರು. ತಾನೇ ಮೊದಲಿಗ ಎಂದು ಸಾಧಿಸಲು ಇದ್ದ ಸಾಕ್ಷ್ಯವನ್ನು ತಾವೇ ಬದಿಗಿಟ್ಟಿದ್ದರು. 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸದಸ್ಯರು ಮತ ಹಾಕಿ, ಶೇಕಡ 78ರ ಬಹುಮತದಿಂದ, ಇದನ್ನು ಹಬಲ್–ಲೆಮೆತ್ರ್ ನಿಯಮವೆಂದು ಕರೆಯುವಂತೆ ಶಿಫಾರಸು ಮಾಡಿದರು.

ತಪ್ಪಿದ ಅಳತೆ, ತಿದ್ದಿದ ಅಳತೆ

ಈ ನಿಯಮ ಕೆಲಸ ಮಾಡುವ ಬಗೆ ಸರಳ. ಜಲಜನಕದ ಒಂದು ಕೆಂಪು ಗೆರೆಯ ತರಂಗಾಂತರ ಪ್ರಯೋಗಾಲಯದಲ್ಲಿ 656 ನ್ಯಾನೋಮೀಟರ್. ಒಂದು ಗೆಲಾಕ್ಸಿಯ ಬೆಳಕಿನಲ್ಲಿ ಅದೇ ಗೆರೆ 722ರ ಬಳಿ ಕಂಡರೆ ಅಲೆ ಹತ್ತರಲ್ಲಿ ಒಂದು ಪಾಲು ಹಿಗ್ಗಿದೆ ಎಂದರ್ಥ. ಕೆಂಪು ಪಲ್ಲಟ 0.1. ಆ ಬೆಳಕು ಹೊರಟು ಸುಮಾರು 130 ಕೋಟಿ ವರ್ಷಗಳಾಗಿವೆ. ತೀರ ಸಮೀಪದ ಗೆಲಾಕ್ಸಿಗಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ದೇವಯಾನಿ ಮತ್ತು ಆಕಾಶಗಂಗೆಗಳು ಪರಸ್ಪರ ಗುರುತ್ವದಿಂದ ಹತ್ತಿರವಾಗುತ್ತಿರುವುದರಿಂದ ಅದರ ಗೆರೆಗಳು ಇಂದಿಗೂ ನೀಲಿಯತ್ತಲೇ ಸರಿದಿವೆ.

ಎಷ್ಟು ವೇಗಕ್ಕೆ ಎಷ್ಟು ದೂರ ಎಂಬ ಪ್ರಮಾಣವನ್ನು ಮಾತ್ರ ಬೇರೆ ವಿಧಾನಗಳಿಂದ, ಅಂದರೆ ಸೆಫೀಡ್‌ಗಳಿಂದಲೋ ಸ್ಫೋಟಿಸುವ ನಕ್ಷತ್ರಗಳಿಂದಲೋ ಗೊತ್ತುಮಾಡಿಕೊಳ್ಳಬೇಕು. ಹಬಲ್ ಅವರ ಲೆಕ್ಕದಲ್ಲಿ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ವೇಗವು ಸೆಕೆಂಡಿಗೆ ಸುಮಾರು 500 ಕಿಲೋಮೀಟರ್ ಹೆಚ್ಚುತ್ತಿತ್ತು. ಆ ಅಂಕಿಯನ್ನು ಹಿಡಿದು ಹಿಂದಕ್ಕೆ ಎಣಿಸಿದರೆ ವಿಶ್ವದ ವಯಸ್ಸು 200 ಕೋಟಿ ವರ್ಷ ಮಾತ್ರ ಬರುತ್ತಿತ್ತು. ಭೂಮಿಯ ಬಂಡೆಗಳೇ ಅದಕ್ಕಿಂತ ಹಳೆಯವೆಂದು ಭೂವಿಜ್ಞಾನಿಗಳು ತೋರಿಸುತ್ತಿದ್ದರು. ತಾಯಿಗಿಂತ ಮಗಳಿಗೇ ವಯಸ್ಸು ಹೆಚ್ಚಾದಂತಾಯಿತು! ಸೆಫೀಡ್‌ಗಳಲ್ಲಿ ಎರಡು ಬಗೆಗಳಿವೆ, ಅವನ್ನು ಒಂದೇ ಎಂದೆಣಿಸಿದ್ದರಿಂದ ದೂರಗಳೆಲ್ಲ ಕಡಿಮೆಯಾಗಿದ್ದವು ಎಂದು 1952ರಲ್ಲಿ ವಾಲ್ಟರ್ ಬಾಡೆ ತಿಳಿಸಿದರು. ಅಂದಿನಿಂದ ತಿದ್ದುತ್ತಾ ಬಂದ ಆ ಅಂಕಿ ಈಗ 70ರ ಆಸುಪಾಸಿನಲ್ಲಿದೆ. ಎರಡು ಬೇರೆ ವಿಧಾನಗಳು ಕೊಡುವ 67 ಮತ್ತು 73ರ ನಡುವೆ ಇನ್ನೂ ತಕರಾರಿದೆ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ ಎಂದು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ.

ಕೆಂಪು ಪಲ್ಲಟದ ವ್ಯಾಪ್ತಿಯೂ ಬೆಳೆಯಿತು. 1963ರಲ್ಲಿ ಮಾರ್ಟಿನ್ ಸ್ಮಿತ್, ನಕ್ಷತ್ರದಂತೆ ಕಾಣುತ್ತಿದ್ದ ಒಂದು ವಿಚಿತ್ರ ಕಾಯದ ಗೆರೆಗಳು ಶೇಕಡ 16ರಷ್ಟು ಸರಿದ ಜಲಜನಕದ ಗೆರೆಗಳೇ ಎಂದು ಗುರುತಿಸಿದರು. ಅಷ್ಟು ದೂರದಿಂದ ಅಷ್ಟೊಂದು ಹೊಳೆಯುವ ಇಂಥ ಕಾಯಗಳಿಗೆ ಕ್ವೇಸಾರ್ ಎಂದು ಹೆಸರಾಯಿತು. 1998ರಲ್ಲಿ ಎರಡು ತಂಡಗಳು ದೂರದ ಸ್ಫೋಟತಾರೆಗಳ ಕಾಂತಿಯನ್ನು ಅವುಗಳ ಕೆಂಪು ಪಲ್ಲಟದೊಂದಿಗೆ ಹೋಲಿಸಿ, ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆ ಎಂದು ಪ್ರಕಟಿಸಿದವು. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕದಿಂದ 14ಕ್ಕೂ ಹೆಚ್ಚು ಕೆಂಪು ಪಲ್ಲಟವುಳ್ಳ ಒಂದು ಗೆಲಾಕ್ಸಿಯ ವಿವರ ಹೊರಬಂತು. ಅದರ ಬೆಳಕಿನ ಅಲೆ ದಾರಿಯಲ್ಲಿ 15 ಪಟ್ಟಿಗಿಂತ ಹೆಚ್ಚು ಹಿಗ್ಗಿದೆ; ಅದು ಹೊರಟಾಗ ವಿಶ್ವಕ್ಕೆ 30 ಕೋಟಿ ವರ್ಷವೂ ಆಗಿರಲಿಲ್ಲ.

ಇಬ್ಬರಿಗೂ ಒಂದೇ ಉತ್ತರ

ವಿಶ್ವ ಹಿಗ್ಗುತ್ತಿದೆಯೆಂದರೆ ಹಿಂದೆ ಅದು ಕಿರಿದಾಗಿತ್ತು. 1931ರಲ್ಲಿ ಲೆಮೆತ್ರ್ ಈ ಎಳೆಯನ್ನು ಕೊನೆಯವರೆಗೂ ಹಿಡಿದು ಹೋಗಿ, ಎಲ್ಲವೂ ಒಂದು 'ಆದಿಮ ಪರಮಾಣು'ವಿನಿಂದ ಆರಂಭವಾಗಿರಬಹುದೆಂದು ಸೂಚಿಸಿದರು. ಇದಕ್ಕೆ ಮಹಾಸ್ಫೋಟವೆಂಬ ಹೆಸರು ಬಂದದ್ದು 1949ರಲ್ಲಿ, ಅದನ್ನು ಒಪ್ಪದಿದ್ದ ಫ್ರೆಡ್ ಹಾಯ್ಲ್ ಅವರ ಒಂದು ರೇಡಿಯೋ ಭಾಷಣದಲ್ಲಿ.

ಈ ವಿಚಾರ ಐನ್‌ಸ್ಟೈನರಿಗೆ ಹಿಡಿಸಲಿಲ್ಲ. ಅದು ಸೃಷ್ಟಿಯ ಮಾತನ್ನು ತೀರ ಹೆಚ್ಚಾಗಿ ನೆನಪಿಸುತ್ತದೆ ಎಂದು ಅವರು ಹೇಳಿದ್ದನ್ನು ಲೆಮೆತ್ರ್ ಮುಂದೆ ಸ್ಮರಿಸಿದ್ದಾರೆ. ಇತ್ತ 1951ರ ನವೆಂಬರ್ 22ರಂದು ಜಗದ್ಗುರು ಹನ್ನೆರಡನೇ ಪಿಯುಸ್ ಪಾಪಲ್ ವಿಜ್ಞಾನ ಅಕಾಡೆಮಿಯಲ್ಲಿ ಮಾತನಾಡುತ್ತಾ, ಬೆಳಕು ಉಂಟಾಗಲೆಂಬ ಆ ಆದಿವಾಕ್ಯಕ್ಕೆ ಇಂದಿನ ವಿಜ್ಞಾನ ಸಾಕ್ಷಿಯಾಗಿ ನಿಂತಂತಿದೆ ಎಂಬರ್ಥದಲ್ಲಿ ಹರ್ಷ ವ್ಯಕ್ತಪಡಿಸಿದರು. ಒಬ್ಬರು ಸೃಷ್ಟಿಯನ್ನು ಹೋಲುತ್ತದೆಂದು ಸಿದ್ಧಾಂತವನ್ನು ಶಂಕಿಸಿದರು; ಇನ್ನೊಬ್ಬರು ಅದೇ ಕಾರಣಕ್ಕೆ ಅದನ್ನು ಸ್ವಾಗತಿಸಿದರು.

ಲೆಮೆತ್ರ್ ಅವರ ನಿಲುವು ಇಬ್ಬರಿಗೂ ಒಂದೇ ಆಗಿತ್ತು. ಸಿದ್ಧಾಂತವು ನಿಲ್ಲಬೇಕಾದದ್ದೂ ಬೀಳಬೇಕಾದದ್ದೂ ಗೆರೆಗಳ ಸಾಕ್ಷ್ಯದಿಂದ; ಅದು ವಿಶ್ವಾಸಕ್ಕೆ ಅನುಕೂಲವೋ ಪ್ರತಿಕೂಲವೋ ಎಂಬುದರಿಂದ ಅಲ್ಲ. ಜಗದ್ಗುರುಗಳ ಭಾಷಣದಿಂದ ಅವರಿಗೆ ಕಳವಳವಾಯಿತು. ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಯೇಸುಸಭೆಯ ಡೇನಿಯಲ್ ಓಕಾನಲ್ ಅವರೊಂದಿಗೆ ಈ ಕುರಿತು ಮಾತನಾಡಿದರು. 1952ರ ಸೆಪ್ಟೆಂಬರಿನಲ್ಲಿ ರೋಮ್‌ನಲ್ಲಿ ಸೇರಿದ್ದ ಖಗೋಳವಿಜ್ಞಾನಿಗಳನ್ನು ಉದ್ದೇಶಿಸಿ ಜಗದ್ಗುರುಗಳು ಮತ್ತೆ ಮಾತನಾಡಿದಾಗ ಆ ಹೋಲಿಕೆ ಬರಲಿಲ್ಲ. 1958ರಲ್ಲಿ ಲೆಮೆತ್ರ್ ಸ್ಪಷ್ಟವಾಗಿಯೇ ಬರೆದರು: ತಮ್ಮ ಸಿದ್ಧಾಂತವು ಧಾರ್ಮಿಕ ಪ್ರಶ್ನೆಗಳ ಹೊರಗೇ ನಿಲ್ಲುತ್ತದೆ, ದೇವರನ್ನು ನಂಬದವರು ಅದನ್ನು ಒಪ್ಪಲು ಅಡ್ಡಿಯಿಲ್ಲ, ನಂಬುವವರು ಅದರಲ್ಲಿ ದೇವರನ್ನು ಹಿಡಿದಿಡಲು ಯತ್ನಿಸಬೇಕಾಗಿಲ್ಲ. ಹೀಗೆ ಬರೆದವರು ಅನುದಿನವೂ ಬಲಿಪೂಜೆ ಅರ್ಪಿಸುತ್ತಿದ್ದ ಗುರುಗಳು. 1960ರಿಂದ ಸಾಯುವವರೆಗೆ ಅದೇ ಪಾಪಲ್ ಅಕಾಡೆಮಿಯ ಅಧ್ಯಕ್ಷರಾಗಿದ್ದವರು.

ಈ ನಿಲುವಿನ ವಿವೇಕ ಆ ಕಾಲದ ಚರಿತ್ರೆಯಿಂದಲೇ ಗೊತ್ತಾಗುತ್ತದೆ. 1948ರಿಂದ ಹಾಯ್ಲ್, ಬಾಂಡಿ, ಗೋಲ್ಡ್ ಎಂಬ ವಿಜ್ಞಾನಿಗಳು ವಿಶ್ವಕ್ಕೆ ಆದಿಯೇ ಇಲ್ಲವೆಂಬ ಸಿದ್ಧಾಂತವನ್ನು ಪ್ರತಿಪಾದಿಸುತ್ತಿದ್ದರು. ಅವರೂ ಕೆಂಪು ಪಲ್ಲಟವನ್ನು ಒಪ್ಪಿದವರೇ. ಸುಮಾರು 15 ವರ್ಷ ಯಾರು ಗೆಲ್ಲುವರೆಂದು ಹೇಳುವಂತಿರಲಿಲ್ಲ. ಆದಿಕಾಂಡದ ಸತ್ಯವನ್ನು ಒಂದು ಸಿದ್ಧಾಂತಕ್ಕೆ ನೇತುಹಾಕಿದ್ದರೆ, ಆ ವರ್ಷಗಳಲ್ಲಿ ನಮ್ಮ ವಿಶ್ವಾಸದ ಗತಿ ಏನಾಗುತ್ತಿತ್ತು? 200 ಕೋಟಿ ವರ್ಷವೆಂಬ ತಪ್ಪು ಅಂಕಿಗೆ ಕಟ್ಟಿದ್ದರೆ? ಅಂಕಿ ಬಿದ್ದಾಗ ಅದಕ್ಕೆ ಕಟ್ಟಿದ್ದೂ ಬೀಳುತ್ತದೆ.

1965ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಆಕಾಶದ ಎಲ್ಲ ಕಡೆಯಿಂದಲೂ ಬರುವ ಮಂದವಾದ ರೇಡಿಯೋ ಸದ್ದನ್ನು ಕಂಡುಹಿಡಿದುದಾಗಿ ಪ್ರಕಟಿಸಿದರು. ಅದು ವಿಶ್ವದ ಎಳವೆಯ ಬೆಳಕು. ಅಂದಿನಿಂದ ಅದರ ಅಲೆಗಳು ಸುಮಾರು 1,100 ಪಟ್ಟು ಹಿಗ್ಗಿವೆ. ಲೆಮೆತ್ರ್ ಆಸ್ಪತ್ರೆಯಲ್ಲಿದ್ದಾಗ ಅವರ ಹಿಂದಿನ ಸಹಾಯಕ ಗೊಡಾರ್ ಈ ಸುದ್ದಿಯನ್ನು ತಿಳಿಸಿದರು. 1966ರ ಜೂನ್ 20ರಂದು ಅವರು ತೀರಿಕೊಂಡರು. ತಮ್ಮ ಊಹೆಗೆ ಸಾಕ್ಷ್ಯ ದೊರೆತದ್ದನ್ನು ಅವರು ತಿಳಿದೇ ಹೋದರು.

ಓದುಗರೇ, ನಮ್ಮ ಧರ್ಮಕೇಂದ್ರಗಳಿಂದ ಪ್ರತಿವರ್ಷವೂ ಮಕ್ಕಳು ವಿಜ್ಞಾನ ಓದಲು ಕಾಲೇಜುಗಳಿಗೆ ಹೋಗುತ್ತಾರೆ. ಪೀಠದಿಂದ ನಾನು ಅಂದು ಕೊಟ್ಟ ಸುಲಭದ ರುಜುವಾತನ್ನು ಅವರಲ್ಲಿ ಯಾರಾದರೂ ನಂಬಿ ಹೊತ್ತೊಯ್ದಿದ್ದರೆ, ತರಗತಿಯಲ್ಲಿ ಮೊದಲ ಪ್ರಶ್ನೆಗೇ ಅದು ಕುಸಿಯುತ್ತಿತ್ತು. ಅದರೊಂದಿಗೆ ನಾನು ಹೇಳಿದ ಉಳಿದ ಮಾತುಗಳ ಮೇಲಿನ ಭರವಸೆಯೂ ಕುಸಿಯುತ್ತಿತ್ತು. ಟೀಚರ್ ನನ್ನನ್ನು ತಡೆದು ನಿಲ್ಲಿಸಿದ್ದು ಆ ಮಕ್ಕಳಿಗಾಗಿ ಎಂದು ಈಗ ಅನ್ನಿಸುತ್ತದೆ. ದೇವರನ್ನು ಕಾಪಾಡಲು ನಮ್ಮ ಅತ್ಯುತ್ಸಾಹದ ಅಗತ್ಯವಿಲ್ಲ. ಸತ್ಯವನ್ನು ಅದಿರುವಷ್ಟೇ ಹೇಳುವುದು ಗುರುವಿನ ಧರ್ಮ, ವಿಜ್ಞಾನಿಯ ಧರ್ಮವೂ ಹೌದು. ಲೆಮೆತ್ರ್ ಎರಡನ್ನೂ ಒಂದೇ ಬದುಕಿನಲ್ಲಿ ನಡೆಸಿದರು.

ಮರುವರ್ಷದ ಪಾಸ್ಕ ಜಾಗರಣೆಯಲ್ಲಿಯೂ ಆದಿಕಾಂಡದ ವಾಚನವಾಯಿತು. ಪ್ರಬೋಧನೆಯಲ್ಲಿ ನಾನು ಹಿಂದಿನ ವರ್ಷದ ನನ್ನ ಮಾತನ್ನು ಹಿಂತೆಗೆದುಕೊಂಡು, ಎಲ್ಲವೂ ಪ್ರೀತಿಯಿಂದ ಕೊಡಲ್ಪಟ್ಟದ್ದು, ಎಲ್ಲವೂ ಒಳ್ಳೆಯದು ಎಂದು ಆ ವಾಚನ ಹೇಳುವುದಷ್ಟನ್ನೇ ಹೇಳಿದೆ. ಪೂಜೆ ಮುಗಿದು ಹೊರಗೆ ಬಂದಾಗ ಟೀಚರ್ ಅಂಗಳದಲ್ಲಿ ಮೊಮ್ಮಗನಿಗೆ ಆಕಾಶ ತೋರಿಸುತ್ತಾ ನಿಂತಿದ್ದರು. ನನ್ನನ್ನು ಕಂಡು "ಹಬ್ಬದ ಶುಭಾಶಯ, ಫಾದರ್" ಎಂದಷ್ಟೇ ಹೇಳಿದರು. ಈ ಸಲ ಬೇರೆ ಮಾತು ಬೇಕಾಗಿರಲಿಲ್ಲ.